ಒಣ, ಹಸಿ, ಇತರೆ

ಆವರಗೊಳ್ಳದ ದಾರಿಯಲ್ಲಿ ಊರು ಮುಗಿದ ಮೇಲೆ
ವೇಬ್ರಿಜ್ಜಿನ ಗೂಡಿನೊಳಗೆ ನನಗೊಂದು ಕುರ್ಚಿ,
ತಿರುಗಿದರೆ ತಿರುಗುವ ಫ್ಯಾನು, ನೀಲಿ ಬೈಂಡಿನ ಪುಸ್ತಕ.
ಅದರಲ್ಲಿ ಮೂರು ಕಾಲಂ: ಒಣ, ಹಸಿ, ಇತರೆ.
ದಾವಣಗೆರೆ ನಿನ್ನೆ ಏನುಂಡಿತು, ಏನು ಒಡೆಯಿತು,
ಯಾವ ಓಣಿಯಲ್ಲಿ ತೊಟ್ಟಿಲು, ಯಾವ ಓಣಿಯಲ್ಲಿ ತಿಥಿ,
ಲಾರಿ ತಿರುವಿನಲ್ಲಿರುವಾಗಲೇ ಹೇಳಬಲ್ಲೆ.

ಮೊದಲ ತಿಂಗಳು ಮೂಗು ದಂಗೆಯೆದ್ದಿತ್ತು.
ಈಗ ಅದೂ ನನ್ನ ಹಾಗೆ ಪರ್ಮನೆಂಟಾಗದ ನೌಕರ,
ಹೇಳಿದಷ್ಟು ಮಾಡಿ ಸುಮ್ಮನಿರುತ್ತದೆ.

ಹಬ್ಬದ ಮಾರನೇ ದಿನ ಬಾಳೆಕಂಬ, ಚೆಂಡುಹೂವು;
ಲಗ್ನದ ತಿಂಗಳಲ್ಲಿ ಎಲೆಯಲ್ಲೇ ಉಳಿದ ಲಾಡು;
ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬೂದಿ. ಅದು ಬಂದರೆ
ಪುಸ್ತಕದ ಹಾಳೆಯೂ ಒಂದು ಗಳಿಗೆ ನರೆಯುತ್ತದೆ.

ಆ ಮಂಗಳವಾರ ದಾದಾಪೀರನ ಟ್ರ್ಯಾಕ್ಟರು ಬಂತು,
ವಿನೋಬನಗರದ ಒಂದು ಮನೆಯ ಮೂರನೇ ಟ್ರಿಪ್ಪು.
ಇಟ್ಟಿಗೆ, ಗಾರೆ, ಹಸಿರು ಡಿಸ್ಟೆಂಪರಿನ ಚಕ್ಕೆ,
ಸ್ವಿಚ್ಚಿನ ಸುತ್ತ ಬೆರಳು ತಾಗಿ ತಾಗಿ ಕಪ್ಪಾದ
ಅಂಗೈಯಗಲ ಗೋಡೆ.
ಮೂರು ಟನ್ನು ನೂರಾ ನಲವತ್ತು, ಅಂದೆ.
ಹಚ್ಚದ ಬೀಡಿ ತುಟಿಯಲ್ಲಿಟ್ಟುಕೊಂಡೇ ಅವನು ನಕ್ಕ:
"ಕಟ್ಟಾಕೆ ನಾಕು ವರ್ಷ ಹಿಡಿತಂತೆ ಅಣ್ಣ.
ಜೇಸಿಬಿಯವ್ನಿಗೆ ತರಿಸಿದ್ ಚಾ ಆರೋದ್ರೊಳಗೆ ಮುಗೀತು."

ಮನೆ ಸುರಿಯುವ ಸದ್ದು ಮನೆ ಬೀಳುವ ಸದ್ದಿನ ಹಾಗಲ್ಲ.
ಜಾರುತ್ತದೆ, ಬಸ್ಸಿಳಿಯುವ ಮುದುಕಿಯ ಹಾಗೆ,
ಒಂದು ಕಾಲು ಮೊದಲು, ಅನುಮಾನಿಸಿ,
ಆಮೇಲೆ ಎಲ್ಲವೂ.
ಕಡೆಗೆ ದಢ್ಢೆಂದು
ಒಂದು ಒರಳು.

ನೆಲದಲ್ಲಿ ಹೂತಿದ್ದದ್ದು. ಕೊರಳ ಸುತ್ತ
ರೆಡಾಕ್ಸೈಡಿನ ಪಟ್ಟಿ ಬಿಡದೆ ಅಂಟಿತ್ತು.
ಗುಂಡು ಇರಲಿಲ್ಲ.
ಹೊಟ್ಟೆ ಎಷ್ಟು ನುಣುಪೆಂದರೆ
ಬೆಳಗಿನ ಬಿಸಿಲು ಕೂರಲು ಹೋಗಿ ಜಾರಿತು.
ಎಷ್ಟು ವರ್ಷದ ಉದ್ದಿನಹಿಟ್ಟು ಕುಡಿದಿದೆಯೋ,
ಒಣ ಅನ್ನಲು ಪೆನ್ನು ಏಳಲಿಲ್ಲ.
ಇತರೆ ಎಂದು ಬರೆದೆ. ಒಂದು.

ಮಧ್ಯಾಹ್ನ ಹಾಲಸ್ವಾಮಿ ಎಂಬುವರು ಬಂದರು, ಹೆಲ್ಮೆಟ್ಟನ್ನೂ ತೆಗೆಯದೆ.
"ಒಂದು ಒರಳು ಬಂತಾ ಸರ್?"
ನನ್ನನ್ನು ಸರ್ ಅಂದವರು ಈ ವರ್ಷ ಅವರೇ ಮೊದಲು.
ಪ್ಲಾನಿನಲ್ಲಿ ಅದಕ್ಕೆ ಜಾಗವಿಲ್ಲವಂತೆ,
ಟೈಲ್ಸಿನವನು ಒಪ್ಪುವುದಿಲ್ಲವಂತೆ,
ಹರಿಹರದಿಂದ ಅಕ್ಕ ಫೋನಿನಲ್ಲಿ ಬೈದಳಂತೆ:
"ಅದ್ರಾಗೆ ನನ್ ಬೆರಳು ಜಜ್ಜೈತೆ,
ನನ್ನ ಕೇಳ್ದಂಗೆ ಹೆಂಗ್ ಎಸೆದ್ಯೋ?"

ಅವರೊಂದು ಕಡೆ, ನಾನೊಂದು ಕಡೆ.
ಒರಳು ಎದ್ದಿತು. ಸ್ಕೂಟರು ಕೂತಿತು.

ಆಚೆ ಗುಡ್ಡೆಯ ಮೇಲೆ ಸಿಮೆಂಟಿನ ಕಾಲಂ ಒಡೆದು
ಸರಳು ಬಿಡಿಸುತ್ತಿದ್ದ ಚೌಡಕ್ಕ ಸುತ್ತಿಗೆ ಇಳಿಸಿ ನಕ್ಕಳು.
ಅವಳ ಕಾಲಂ ಬೇರೆ, ನನ್ನ ಕಾಲಂ ಬೇರೆ;
ಸಂಜೆಗೆ ಹೊಟ್ಟೆ ತುಂಬುವುದು ಅವಳದರಿಂದಲೇ ಹೆಚ್ಚು.
"ಕಬ್ಬಿಣ ಆಗಿದ್ರೆ ನಿಮ್ಗೆ ಸಿಗ್ತಿರ್ಲಿಲ್ಲ ಸ್ವಾಮಿ.
ಕಲ್ಲಿಗೆ ಕೇಜಿಗೆ ಏನ್ ಕೊಡ್ತಾರೆ?"

ನಾಳೆ ಆಟೋ ತರುತ್ತೇನೆ ಎಂದರು.
ನಂಬರನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ.

ಆ ನಾಳೆಗೆ ಈಗ ಇಪ್ಪತ್ತಮೂರು ದಿನ.
ಅವರೂ ಬರಲಿಲ್ಲ, ನಾನೂ ಫೋನು ಮಾಡಲಿಲ್ಲ.
ಹೊಸ ಮನೆಯ ಪಾಯಕ್ಕೆ ಪೂಜೆಯಾಯಿತೆಂದು
ದಾದಾಪೀರ ಹೇಳಿದ. ಜಲ್ಲಿ ಹೊಡೆಯುವ ಕೆಲಸವೂ ಅವನಿಗೇ ಸಿಕ್ಕಿದೆ.
ಒಯ್ದ ಕೈಯೇ ತಂದು ಹಾಕುತ್ತದೆ.

ಯಾವಾಗಲೋ ಚೌಡಕ್ಕ, ಯಾರನ್ನು ಕೂಡಿಸಿಕೊಂಡಳೋ,
ಅದನ್ನು ಜಾಲಿಯ ನೆರಳಿಗೆ ಉರುಳಿಸಿದ್ದಾಳೆ.
ನಿನ್ನೆ ರಾತ್ರಿ ಗುಡುಗಿನ ಸಮೇತ ಒಂದು ಮಳೆ.
ಬೆಳಗ್ಗೆ ಬೀಗ ತೆಗೆಯುವಾಗ
ಕುಂಟನಾಯಿ ಅದರೊಳಗೆ ಮುಖವಿಟ್ಟಿತ್ತು,
ಸರದಿಗೆ ಎರಡು ಬೆಳ್ಳಕ್ಕಿ, ಸ್ವಲ್ಪ ದೂರ.

ಪುಸ್ತಕ ತೆರೆದು ಆ ಮಂಗಳವಾರದ ಸಾಲು ಹುಡುಕಿದೆ.
ಇತರೆಯ ಒಂದನ್ನು ಹೊಡೆದು
ಪಕ್ಕದ ಕಾಲಂಗೆ ಹಾಕಿದೆ. ಹಸಿ.
ಆಡಿಟ್ಟಿನವರು ಕೇಳಿದರೆ
ಬಂದು ಕೈಯಿಟ್ಟು ನೋಡಲಿ.